ರಸಮಟ್ಟದ ಗುಳ್ಳೆಯ ಸಿದ್ಧಾಂತ

ಗಾರೆ ಮೇಸ್ತ್ರಿ ಹುಚ್ಚೀರಪ್ಪ ಜಗಲಿಗೆ ಹಾಸಿದ ಕಲ್ಲಿನ ಮಟ್ಟ ನೋಡಲು ಅದರ ಮೇಲೆ ರಸಮಟ್ಟ ಇಟ್ಟ. ಗಾಜಿನೊಳಗಿನ ಗುಳ್ಳೆ ಸರಕ್ಕನೆ ಎಡಕ್ಕೆ ಓಡಿ, ಗೋಡೆಗೆ ನೇತುಬಿಟ್ಟಿದ್ದ ತೂಗುಗುಂಡನ್ನು ಹಂಗಿಸಿತು: "ನನ್ನ ಒಲವು ಎಡಕ್ಕೆ, ಅದು ಹುಟ್ಟುಗುಣ. ನಿನಗೆ ಒಲವೇ ಇಲ್ಲ, ಸುಮ್ಮನೆ ನೇತಾಡ್ತೀಯ."

ಗುಂಡಿಗೆ ನಾಚಿಕೆಯಾಯಿತು. "ನನಗಿರೋದು ಒಂದೇ ಒಲವು, ನೆಲದ ಕಡೆಗೆ," ಎಂದಿತು.

ಅಷ್ಟರಲ್ಲಿ ಮೇಸ್ತ್ರಿ ಕಲ್ಲಿನ ಬಲಗಡೆಗೆ ಅಡಿಯಿಂದ ಗಾರೆ ತುರುಕಿದ. ಆ ಬದಿ ಎತ್ತರವಾಗಿದ್ದೇ ತಡ, ಗುಳ್ಳೆ ಬಲಕ್ಕೆ ಓಡಿ, "ಒಳಗೊಳಗೆ ನಾನು ಮೊದಲಿನಿಂದಲೂ ಈ ಕಡೆಯವನೇ," ಎಂದಿತು.

ಮೇಸ್ತ್ರಿ ಕಲ್ಲನ್ನು ಮೆತ್ತಗೆ ತಟ್ಟಿ ಎರಡೂ ಬದಿ ಸಮ ಮಾಡಿದ. ಗುಳ್ಳೆ ನಟ್ಟನಡುವೆ ನಿಂತಿತು.

"ಈಗ ಯಾವ ಕಡೆಗಪ್ಪಾ ನಿನ್ನ ಒಲವು?" ಎಂದು ಗುಂಡು ಕೇಳಿತು.

"ಸ್ವಲ್ಪ ತಡಿ," ಎಂದಿತು ಗುಳ್ಳೆ, "ಯಾವ ಬದಿ ಮೇಲೇಳುತ್ತೋ ನೋಡಿ ಹೇಳ್ತೀನಿ."