ಮೂರು ಬಗೆಯ ಜನ

ಹೊಳೆದಂಡೆಯ ಮಠದಲ್ಲಿ ಬಾಗಿಲು ಕಾಯುವ ಸೇವೆ ಮರುಳಯ್ಯನದು. ಗುರುಗಳನ್ನು ಕಾಣಲು ಬಂದವರನ್ನು ಮೊದಲು ಮಾತಾಡಿಸುತ್ತಿದ್ದವನು ಅವನೇ. ಶಿಷ್ಯ ಜಾಣ. ತೊಂದರೆ ಆಗಿದ್ದೇ ಅಲ್ಲಿ.

“ಅಜ್ಜಯ್ಯ, ಆರು ವರ್ಷದಿಂದ ನೋಡ್ತಾ ಇದ್ದೀನಿ,” ಅಂದ ಒಂದು ದಿನ ಗುರುಗಳಿಗೆ. “ಬರೋರೆಲ್ಲ ಮೂರೇ ಬಗೆ. ಮಕ್ಕಳಾಗದವರು, ಮನೇಲಿ ಜಗಳ ಆಡಿಕೊಂಡವರು, ಸತ್ತವರಿಗಾಗಿ ಅಳೋರು. ಮುಖ ನೋಡಿದ್ರೇ ಗೊತ್ತಾಗುತ್ತೆ. ಮೂರಕ್ಕೂ ಒಂದೊಂದು ಮಾತು ಸಿದ್ಧ ಮಾಡಿಟ್ಟಿದ್ದೀನಿ. ನಿಮಗೂ ಅಷ್ಟು ದಣಿವು ತಪ್ಪುತ್ತೆ.”

“ನೀನು ಯಾವ ಬಗೆಯಪ್ಪ?”

ಮರುಳಯ್ಯ ನಕ್ಕು ಬಾಗಿಲ ಕಡೆ ನಡೆದ. ಅಜ್ಜಯ್ಯನವರೂ ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು.

ಮುಂದಿನ ವಾರ ಆಚೆ ದಂಡೆಯಿಂದ ಕಾಳವ್ವ ಎಂಬ ಹೆಂಗಸು ಬಂದಳು. ತಲೆ ಕೆದರಿತ್ತು. ಅತ್ತು ಅತ್ತು ದನಿ ಬಿದ್ದಿತ್ತು.

“ನನ್ನ ಮಗಳು...” ಅಂದಳು.

ಅಷ್ಟಕ್ಕೇ ಮರುಳಯ್ಯ ಮೂರನೆಯ ಮಾತು ತೆಗೆದ. “ಹುಟ್ಟಿದವರೆಲ್ಲ ಹೋಗಲೇಬೇಕಮ್ಮ. ಕಟ್ಟಿಹಾಕಿ ಕೂರಬೇಡ. ಬಿಟ್ಟುಬಿಡು.”

ಅವಳು ಅವನನ್ನೇ ನೋಡಿದಳು. “ಬಿಟ್ಟುಬಿಡಲಾ ಸ್ವಾಮಿ?”

“ಬಿಟ್ಟುಬಿಡು ತಾಯಿ.”

ಕೈ ಮುಗಿದು ಹೊರಟುಹೋದಳು. ಎಷ್ಟು ಬೇಗ ಸಮಾಧಾನ ಆಯ್ತು ನೋಡು ಅಂತ ಮರುಳಯ್ಯನಿಗೆ ಹೆಮ್ಮೆ.

ಮೂರು ದಿನ ಕಳೆದ ಮೇಲೆ ಅಂಬಿಗ ಸುದ್ದಿ ತಂದ. ಕಾಳವ್ವನ ಮಗಳು ಹೊನ್ನಿ, ಆರು ವರ್ಷದ ಮಗು, ಹಿಂದಿನ ದಿನ ಜ್ವರದಲ್ಲಿ ತೀರಿಕೊಂಡಿತ್ತು. ಅಜ್ಜಯ್ಯನವರ ಕೈಯಿಂದ ಔಷಧ ತಗೊಂಡು ಹೋಗೋಣ ಅಂತ ತಾಯಿ ಬಂದಿದ್ದಳಂತೆ. ಬಿಟ್ಟುಬಿಡು ಅಂತ ಮಠದಲ್ಲೇ ಅಪ್ಪಣೆ ಆಯ್ತಲ್ಲ ಅಂತ, ಕೊಡುತ್ತಿದ್ದ ಕಷಾಯವನ್ನೂ ನಿಲ್ಲಿಸಿ, ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತುಬಿಟ್ಟಳಂತೆ.

ಗುರು ಶಿಷ್ಯರಿಬ್ಬರೂ ಹೊಳೆ ದಾಟಿ ಹೋದರು. ಮರುಳಯ್ಯ ಅವಳ ಕಾಲಿಗೆ ಬಿದ್ದ.

“ಏಳಿ ಸ್ವಾಮಿ,” ಅಂದಳು ಕಾಳವ್ವ. “ನೀವು ಹೇಳಿದಂಗೇ ಆಯ್ತು. ಮಠದ ಮಾತು ಸುಳ್ಳಾಗಲ್ಲ.”

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಅಜ್ಜಯ್ಯನವರು ಅವಳೆದುರು ನೆಲದ ಮೇಲೆ ಕೂತರು. “ತಪ್ಪು ನನ್ನದೂ ಇದೆ ತಾಯಿ. ಹೊನ್ನಿ ಹೇಗಿದ್ದಳು, ಹೇಳು.”

ಅವಳು ಹೇಳಿದಳು. ಹೊನ್ನಿಗೆ ಬೆಲ್ಲ ಸೇರುತ್ತಿರಲಿಲ್ಲ, ಉಪ್ಪು ನೆಕ್ಕುತ್ತಿದ್ದಳು. ಕೋಳಿಮರಿಗಳನ್ನು ಲಂಗದಲ್ಲಿ ಕಟ್ಟಿಕೊಂಡು ಊರೆಲ್ಲ ತಿರುಗುತ್ತಿದ್ದಳು. ಹೇಳುತ್ತಾ ಹೇಳುತ್ತಾ ಸಂಜೆಯಾಯಿತು. ಅಜ್ಜಯ್ಯನವರು ಕಣ್ಣು ಒರೆಸಿಕೊಳ್ಳುತ್ತಾ ಕೇಳಿದರು. ಅವಳಿಗೆ ಯಾವ ಉಪದೇಶವನ್ನೂ ಮಾಡಲಿಲ್ಲ.

ವಾಪಸ್ಸು ಬರುವಾಗ ದೋಣಿಯಲ್ಲಿ ಮರುಳಯ್ಯ ಬಿಕ್ಕಿ ಬಿಕ್ಕಿ ಅತ್ತ. “ಬಾಗಿಲ ಸೇವೆಯಿಂದ ನನ್ನ ಬಿಡಿಸಿ ಅಜ್ಜಯ್ಯ. ನಾಲ್ಕಕ್ಷರ ಕಲಿತ ನನ್ನಂಥವರೆಲ್ಲ ಹೀಗೇ. ಕಂಡವರ ಮನೆ ಹಾಳು ಮಾಡ್ತೀವಿ.”

“ನಾಳೆಯೂ ಬಾಗಿಲಲ್ಲಿ ನೀನೇ ಕೂರಬೇಕು,” ಅಂದರು ಅಜ್ಜಯ್ಯನವರು. “ಬೇರೆಯವರನ್ನೆಲ್ಲ ಜೊತೆಗೆ ಸೇರಿಸಿಕೊಳ್ಳಬೇಡ ಮರುಳಯ್ಯ. ಆ ತಾಯಿಗೆ ಹಾಗಂದಿದ್ದು ನೀನೊಬ್ಬನೇ.”