ಗಾಜಿನ ಬಟ್ಟಲಲ್ಲಿ ಬಡಿದ ಎದೆ

“ಗುರುಗಳೇ, ರೋಗಿಯ ಮನೆಯವರು ಧೈರ್ಯಕ್ಕಾಗಿ ನಮ್ಮ ಮುಖ ನೋಡುತ್ತಾರೆ. ಆಗ ಇರುವುದಕ್ಕಿಂತ ಒಂದು ಮಾತು ಹೆಚ್ಚು ಹೇಳಿದರೆ ತಪ್ಪೇ?” ಎಂದು ವೈದ್ಯಕೀಯ ಓದುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕುಂಬಾರನಿಗೆ ಒಬ್ಬಳೇ ಮಗಳು. ಅವಳ ಹೃದಯದ ಸ್ನಾಯು ದಿನದಿನಕ್ಕೆ ಸೋಲುತ್ತಿತ್ತು. ಪಟ್ಟಣದ ಸಂಶೋಧಕನೊಬ್ಬ ಅವಳ ತೋಳಿನಿಂದ ಸ್ವಲ್ಪ ರಕ್ತ ತೆಗೆದುಕೊಂಡ. ಅದರ ಜೀವಕೋಶಗಳನ್ನು ಹಿಂದಕ್ಕೆ ನಡೆಸಿ ಕಾಂಡಕೋಶ ಮಾಡಿದ. ಅಂದರೆ ಇನ್ನೂ ಏನೂ ಆಗಿರದ, ಏನು ಬೇಕಾದರೂ ಆಗಬಲ್ಲ ಕೋಶ. ಅವುಗಳಿಂದ ಹೃದಯದ ಕೋಶಗಳನ್ನು ಬೆಳೆಸಿದ. ಗಾಜಿನ ಬಟ್ಟಲಲ್ಲಿ ಅವು ತಾವಾಗಿಯೇ ಬಡಿಯತೊಡಗಿದವು. ಅವುಗಳ ಮೇಲೆ ಔಷಧಿ ಪರೀಕ್ಷಿಸುವುದಷ್ಟೇ ಅವನ ಕೆಲಸ. ಅಂಥ ಕೋಶಗಳಿಂದ ರೋಗಿಯ ಹೃದಯಕ್ಕೆ ತೇಪೆ ಹಾಕುವ ಕಾಲ ಇನ್ನೂ ದೂರವಿತ್ತು. ಅದು ಅವನಿಗೆ ಗೊತ್ತಿತ್ತು. ಆದರೂ ಕುಂಬಾರನ ಮುಖ ನೋಡಲಾರದೆ, ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, “ನೋಡಪ್ಪ, ಇದು ನಿನ್ನ ಮಗಳ ಎದೆ. ಹೇಗೆ ಬಡಿಯುತ್ತಿದೆ ನೋಡು!” ಎಂದ.

ತಿಂಗಳೊಪ್ಪತ್ತಿನಲ್ಲಿ ಮಗಳು ಸತ್ತಳು. ಮಣ್ಣು ಮಾಡಿದರು. ಮೂರನೆಯ ದಿನ ನೆಂಟರು ಹಾಲುತುಪ್ಪ ಬಿಡಲು ಹೊರಟರೆ ಕುಂಬಾರ ಬಾಗಿಲಿಗೆ ಅಡ್ಡ ನಿಂತ.

“ಮಣ್ಣು ಹಾಕಿದವನು ನೀನೇ ಅಲ್ಲವೇನೋ? ಬುದ್ಧಿಯನ್ನೂ ಅಲ್ಲೇ ಹೂತು ಬಂದೆಯಾ?” ಎಂದು ಅವನ ಅಕ್ಕ ಗದರಿದಳು.

“ಹೂತದ್ದು ಮೈ ಕಣಕ್ಕಾ. ಎದೆ ಪಟ್ಟಣದಲ್ಲಿ ಬಡೀತಾ ಇದೆ, ನಾನೇ ಕಣ್ಣಾರೆ ಕಂಡಿದ್ದೀನಿ. ಬಡಿಯೋ ಎದೆಗೆ ಹಾಲು ಬಿಡ್ತಾರಾ?”

ಹನ್ನೊಂದನೆಯ ದಿನವೂ ತಿಥಿಯಾಗಲಿಲ್ಲ. ಸೂತಕ ಕಳೆಯಲಿಲ್ಲ. ಆ ಮನೆಯ ನೀರನ್ನು ಯಾರೂ ಮುಟ್ಟಲಿಲ್ಲ, ಮಡಕೆಯನ್ನು ಯಾರೂ ಒಯ್ಯಲಿಲ್ಲ. ತಾಯಿ ಅಳಲು ಕೂತರೆ ಗಂಡ ಅಪಶಕುನವೆಂದು ಬಾಯಿ ಮುಚ್ಚಿಸಿದ. ಕೊನೆಗೆ ಅವಳೇ ಸಂಶೋಧಕನ ಬಳಿಗೆ ಹೋದಳು.

“ಅದನ್ನ ನಿಲ್ಲಿಸಿಬಿಡಿ ಸ್ವಾಮಿ.”

“ಇದರಿಂದ ನಾಳೆ ಬೇರೆಯವರ ಮಗು ಉಳಿಯಬಹುದು ತಾಯಿ.”

“ಉಳಿಸಿ, ನಿಮಗೆ ಪುಣ್ಯ ಬರಲಿ. ನನ್ನ ಮಗಳನ್ನ ಮಾತ್ರ ಸಾಯೋಕೆ ಬಿಡಿ.”



“ಅವನು ನಿಲ್ಲಿಸಿದನೇ?” ಶಿಷ್ಯ ಕೇಳಿದ.

“ನಿಲ್ಲಿಸಿದ. ಮರುದಿನ ಕುಂಬಾರ ಬಂದು ‘ನನ್ನ ಮಗಳನ್ನು ಕೊಂದೆಯಾ?’ ಎಂದು ಕೇಳಿದಾಗ, ‘ಅದು ನಿನ್ನ ಮಗಳಲ್ಲ’ ಎನ್ನಲು ಅವನಿಗೆ ಬಾಯಿ ಬರಲಿಲ್ಲ.”