ದೂರಿನ ಕಂಬ

"ಗುರುಗಳೇ, ನಿಮ್ಮ ಗುರುಗಳು ಕೂತು ಪಾಠ ಹೇಳುತ್ತಿದ್ದ ಕಲ್ಲಿನ ಮೇಲೆ ದಾರಿಹೋಕರೆಲ್ಲ ಕೂರುತ್ತಾರೆ. ಕಲ್ಲು ಸವೆಯುತ್ತಿದೆ. ಸುತ್ತ ಬೇಲಿ ಕಟ್ಟಿಸಲೇ?" ಎಂದು ಶಿಷ್ಯ ಕೇಳಿದ.

ಗುರು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಹಳೆಯ ಚಾವಡಿಯಿತ್ತು. ಯಾರು ಕಟ್ಟಿಸಿದರೋ ಯಾರಿಗೂ ತಿಳಿಯದು. ಅದರ ನಡುವೆ ಒಂದು ಮರದ ಕಂಬ. ಅನ್ಯಾಯವಾದವರು ಯಾರೇ ಬಂದು ಆ ಕಂಬದ ಮೇಲೆ ಕೈಯಿಟ್ಟರೆ, ಹಿರಿಯರು ಉಣ್ಣುತ್ತಿದ್ದರೂ ಕೈ ತೊಳೆದು ಬಂದು ದೂರು ಕೇಳಬೇಕು. ಕುಲ ಕೇಳುವಂತಿಲ್ಲ. ಎಷ್ಟೋ ತಲೆಮಾರಿನ ಕೈ ತಾಗಿ ಕಂಬ ಆ ಜಾಗದಲ್ಲಿ ನುಣ್ಣಗಾಗಿತ್ತು.

ಅದೇ ಊರಿನ ಜಮೀನುದಾರನೊಬ್ಬ ಕೆರೆಯಂಚಿನ ಮಣ್ಣಗುಂಡಿಗೆ ಬೇಲಿ ಹಾಕಿಕೊಂಡ. ಗಂಡನಿಲ್ಲದ ಒಬ್ಬ ಕುಂಬಾರ ಹೆಂಗಸು ಅಲ್ಲಿಂದಲೇ ಮಣ್ಣು ತರುತ್ತಿದ್ದಳು. ಮಣ್ಣಿಲ್ಲದಿದ್ದರೆ ತಿಗರಿ ತಿರುಗದು, ತಿಗರಿ ತಿರುಗದಿದ್ದರೆ ಒಲೆ ಹೊತ್ತದು. ಅವಳು ಅಳುತ್ತ ಕೂರಲಿಲ್ಲ. ಕಂಬ ಇದೆಯಲ್ಲ, ಹೋಗಿ ಕೈಯಿಡುತ್ತೇನೆ ಎಂದು ಹೊರಟಳು. ಹೋಗಿ ನೋಡಿದರೆ ಚಾವಡಿಯೇ ಹೊತ್ತಿ ಉರಿಯುತ್ತಿತ್ತು.

ಊರವರು ಎದ್ದುಬಿದ್ದು ಓಡಿ ಬಂದರು. ಕೆತ್ತನೆಯ ಬಾಗಿಲು ಕಿತ್ತು ಹೊರಗೆ ತಂದರು, ಹಿರಿಯರು ಕೂರುವ ಪೀಠ ತಂದರು, ಹಿರಿಯರ ಬೆಳ್ಳಿಕಟ್ಟಿನ ಕೋಲನ್ನೂ ತಂದರು. ಕಂಬದ ನೆನಪು ಯಾರಿಗೂ ಆಗಲಿಲ್ಲ. ಅದು ಬೇಕಾಗಿದ್ದುದು ಅವಳೊಬ್ಬಳಿಗೇ. ಮನೆಯಲ್ಲಿದ್ದ ಹೊಸ ಗಡಿಗೆಗಳನ್ನೆಲ್ಲ ತಂದಳು, ನೀರು ತುಂಬಿ ತುಂಬಿ ಕಂಬಕ್ಕೆ ಎರಚಿದಳು. ಸೂರು ಕುಸಿದು ಗಡಿಗೆಗಳು ಒಡೆದವು. ಕಂಬಕ್ಕೆ ಒರಗಿದ ಉರಿಯುವ ತೊಲೆಯನ್ನು ಎಳೆದು ಹಾಕುವಾಗ ಬಲಗೈ ಬೆಂದುಹೋಯಿತು. ಎಲ್ಲ ಬೂದಿಯಾದ ಮೇಲೆ ಕಂಬವೊಂದು ನಿಂತಿತ್ತು, ಒಂದು ಮಗ್ಗುಲು ಕಪ್ಪಾಗಿ.

ಅವಳು ಅಲ್ಲಿಯೇ ಎಡಗೈಯನ್ನು ಅದರ ಮೇಲಿಟ್ಟಳು. ಸೂರಿಲ್ಲದ ಕಡೆ ನ್ಯಾಯ ಹೇಳುವುದುಂಟೇ, ಚಾವಡಿ ಏಳಲಿ ಎಂದರು ಹಿರಿಯರು. ಅವಳು ನಂಬಿದಳು. ಕೂಲಿನಾಲಿ ಮಾಡಿಕೊಂಡು ಕಾದಳು.

ಚಾವಡಿ ಎದ್ದಿತು. ಮರ ಕೊಟ್ಟವನು ಜಮೀನುದಾರ. ಧರ್ಮಾತ್ಮ ಎಂದು ಊರು ಅವನನ್ನು ಕೊಂಡಾಡಿತು. ಬೆಂಕಿಯನ್ನು ಗೆದ್ದ ಕಂಬಕ್ಕೆ ಹಿತ್ತಾಳೆಯ ಹೊದಿಕೆ ಬಂತು, ಹೂವಿನ ಹಾರ ಬಂತು, ಸುತ್ತ ಕಟಕಟೆ ಬಂತು. ಇಷ್ಟು ಕಾಲ ಮುಟ್ಟಿ ಮುಟ್ಟಿ ಸವೆಸಿದ್ದು ಸಾಕು ಎಂದು ಹಿರಿಯರು ಮರುಗಿದರು. ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಭಕ್ತಿ ಬಂದಿತ್ತು.

ಮೊದಲ ಪೂಜೆಯ ದಿನ ಅವಳು ಬಂದು ಕಟಕಟೆಯೊಳಗೆ ಬಲಗೈ ಚಾಚಿದಳು.

"ಮುಟ್ಟಬೇಡ, ದೂರ ನಿಲ್ಲು ತಾಯಿ," ಎಂದ ಹಿರಿಯ.

"ಹಂಗಾದ್ರೆ ಇಲ್ಲಿಂದ್ಲೇ ಯೋಳ್ತೀನಿ ಬುದ್ಧಿ, ನನ್ನ ದೂರು ಕೇಳಿ."

"ಕಂಬ ಮುಟ್ಟದೆ ದೂರು ಕೇಳೋ ಪದ್ಧತಿ ಈ ಊರಲ್ಲಿ ಯಾವತ್ತಾದ್ರೂ ಇತ್ತೇನಮ್ಮ?"

ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ಪೂಜಾರಿ ಅದೇ ಕೈಗೆ ಪ್ರಸಾದದ ಸಕ್ಕರೆ ಹಾಕಿದ. ಬೆಂದ ಬೆರಳುಗಳು ಮಡಿಯಲಿಲ್ಲ. ಸಕ್ಕರೆ ನೆಲಕ್ಕೆ ಚೆಲ್ಲಿತು. ಪ್ರಸಾದ ಚೆಲ್ಲಿದ ಪಾಪಿ ಎಂದು ಊರು ಅವಳನ್ನು ಬೈದು ಕಳಿಸಿತು.

ಶಿಷ್ಯನ ಮುಖ ಕೆಂಪಾಯಿತು. "ಎಂಥ ನೀಚರು ಗುರುಗಳೇ, ಆ ಊರಿನವರು!" ಎಂದ.

"ಅವರೂ ಮೊದಲು ನಿನ್ನ ಹಾಗೆ, ಸವೆಯುತ್ತಿದೆ ಎಂದೇ ನೊಂದುಕೊಂಡದ್ದು," ಎಂದರು ಗುರು.